ಕೊನೆಯ ಗಾಡಿಯವರು

ನಮ್ಮ ಡ್ರೈವಿಂಗ್ ಸ್ಕೂಲಿನ ಮಾನ ಹರಾಜಾದದ್ದು ಒಂದು ಹಾಲಿನ ವ್ಯಾನಿನಿಂದ. ಲೈಸೆನ್ಸ್ ಪರೀಕ್ಷೆಯ ದಿನ ನಮ್ಮ ವಿದ್ಯಾರ್ಥಿಯೊಬ್ಬ ಇನ್‌ಸ್ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೆನ್ನಾಗಿಯೇ ಓಡಿಸುತ್ತಿದ್ದನಂತೆ. ರಸ್ತೆಯ ಬದಿಯಲ್ಲಿ ಹಾಲಿನ ವ್ಯಾನೊಂದು ನಿಂತಿತ್ತು. ಅದನ್ನು ಬಳಸಿಕೊಂಡು ಮುಂದೆ ಹೋಗುವುದು ಬಿಟ್ಟು ಈ ಪುಣ್ಯಾತ್ಮ ಅದರ ಹಿಂದೆ ಕಾರು ನಿಲ್ಲಿಸಿ ಕೈಕಟ್ಟಿ ಕೂತ. ಹಾಲಿನವನು ಕ್ರೇಟು ಇಳಿಸಿ, ಅಂಗಡಿಯವನ ಜೊತೆ ಹರಟೆ ಹೊಡೆದು, ಖಾಲಿ ಕ್ರೇಟು ಹೊತ್ತು ತಂದು, ವ್ಯಾನು ತೆಗೆಯುವವರೆಗೂ ಕೂತ. ಯಾಕಪ್ಪಾ ನಿಂತೆ ಎಂದು ಇನ್‌ಸ್ಪೆಕ್ಟರು ಕೇಳಿದರೆ, "ಮುಂದಿನ ಗಾಡಿ ಹೊರಡ್ಲಿ ಸರ್," ಅಂದನಂತೆ.

ಅದೇ ವಾರ ಇನ್ನೊಬ್ಬಳು ವಿದ್ಯಾರ್ಥಿನಿ ಪರೀಕ್ಷೆಯ ಮಧ್ಯದಲ್ಲೇ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಹೋಗಿದ್ದಳು. ರಸ್ತೆಯಾಚೆ ಯಾರದೋ ಸ್ಕೂಟರು ಸ್ಟಾರ್ಟ್ ಆಗುತ್ತಿರಲಿಲ್ಲ. ಇವಳು ಅದರ ಪ್ಲಗ್ಗು ಬಿಚ್ಚಿ, ಒರೆಸಿ, ಊದಿ ಹಾಕಿಕೊಡುವಷ್ಟು ಹೊತ್ತು ಇನ್‌ಸ್ಪೆಕ್ಟರು ಕಾರಿನೊಳಗೆ ಒಬ್ಬರೇ ಕೂತಿದ್ದರು.

"ನನ್ನ ಸರ್ವೀಸಲ್ಲಿ ಪರೀಕ್ಷೆಗೆ ಬಂದವರು ನನ್ನನ್ನೇ ನಡುರಸ್ತೇಲಿ ಬಿಟ್ಟು ಹೋಗಿದ್ದು ಇದೇ ಮೊದಲು ಮೇಡಂ," ಅಂದರು ಅವರು ನಮ್ಮ ಆಫೀಸಿಗೆ ಬಂದು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಏನು ಕಲಿಸ್ತಿದೀರಿ ನೀವು? ನಿಮ್ಮ ತಂದೆ ಕಾಲದಲ್ಲಿ ಹೀಗಿರಲಿಲ್ಲ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ಅಪ್ಪನ ಹೆಸರು ತೆಗೆದರೆ ಮುಗಿಯಿತು. ಆದರೂ ಅವತ್ತು ನುಂಗಿಕೊಂಡೆ. ಕಲಿಸಿದ್ದು ಯಾರು ಅಂತ ನನಗೆ ಗೊತ್ತಿತ್ತು. ಕಲಿಸಿದ ಮಹಾನುಭಾವರು ಆ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿ ಕಾರಿನ ಕೆಳಗೆ ಮಲಗಿ, ಸರಿಯಾಗಿಯೇ ಇದ್ದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡುತ್ತಿದ್ದರು. ಅವರು ನನ್ನ ಯಜಮಾನರು.

ಇವರು ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವರು. ಸೈನ್ಯ ಎಂದ ಕೂಡಲೇ ಜನ ಬಂದೂಕು, ಗುಂಡು, ಗಡಿ ಎಂದೆಲ್ಲ ಊಹಿಸಿಕೊಳ್ಳುತ್ತಾರೆ. ಇವರು ಓಡಿಸುತ್ತಿದ್ದದ್ದು ಕ್ರೇನು, ಸರಪಳಿ, ಹಗ್ಗ ಹೊತ್ತ ಒಂದು ದೈತ್ಯ ಲಾರಿ. ಘಾಟಿಯ ರಸ್ತೆಯಲ್ಲಿ ಸೈನ್ಯದ ಗಾಡಿಗಳು ಸಾಲಾಗಿ ಹೊರಟರೆ ಈ ಲಾರಿ ಎಲ್ಲಕ್ಕಿಂತ ಕೊನೆಗೆ. ಸಾಲಿನಲ್ಲಿ ಯಾವ ಗಾಡಿ ಕೆಟ್ಟು ನಿಂತರೂ ಇವರು ನಿಲ್ಲಬೇಕು. ರಿಪೇರಿ ಆಗುವಂತಿದ್ದರೆ ಮಾಡಬೇಕು, ಇಲ್ಲದಿದ್ದರೆ ಕಟ್ಟಿ ಎಳೆದುಕೊಂಡು ಬರಬೇಕು. ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಅಷ್ಟು ವರ್ಷದಲ್ಲಿ ಇವರು ಓವರ್‌ಟೇಕ್ ಮಾಡಿದ್ದು ಒಂದು ಎಮ್ಮೆಯನ್ನು ಮಾತ್ರ, ಅದೂ ಆ ಎಮ್ಮೆ ಮಲಗಿದ್ದರಿಂದ. ಇದು ಇವರೇ ಹೇಳಿದ ಮಾತು, ಇವರು ಹೇಳಿದ ಒಂದೇ ಒಂದು ಜೋಕೂ ಹೌದು.

ವಯಸ್ಸಿನ ಲೆಕ್ಕದಲ್ಲಿ ಸೈನ್ಯದವರು ನಿವೃತ್ತಿ ಕೊಟ್ಟರು, ಇವರು ಮನೆಗೆ ಬಂದರು. ಬೀದಿಯವರೆಲ್ಲ ಸಂತೋಷದಿಂದ "ಮೇಜರ್" ಅಂತ ಹೆಸರಿಟ್ಟರು. "ಮೇಜರ್ ಅಲ್ಲ, ಡ್ರೈವರ್," ಅಂತ ಇವರು ಮೊದಲ ತಿಂಗಳು ಕಂಡಕಂಡವರಿಗೆಲ್ಲ ತಿದ್ದಿದರು. ಔಷಧಿ ಅಂಗಡಿಯವನು ಹಲ್ಲು ಬಿಟ್ಟು, "ಅಯ್ಯೋ, ಎಲ್ಲಾ ಒಂದೇ ಬಿಡಿ ಮೇಜರ್," ಅಂದ ಮೇಲೆ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಯಾರಾದರೂ ಮಾಡದ ಕೆಲಸಕ್ಕೆ ಸಲಾಂ ಹೊಡೆದು, ಮಾಡಿದ ಕೆಲಸವನ್ನು ಕೇಳದೇ ಹೋದರೆ ಎಷ್ಟು ಉರಿಯುತ್ತದೆ ಅಂತ ಆಮೇಲೆ ನನಗೆ ಅರ್ಥವಾಯಿತು.

ಮನೆಯಲ್ಲಿ ಇವರು ನೆಂಟರ ಹಾಗೆ ಇದ್ದರು. ಊಟ ಮಾಡಿದ ತಟ್ಟೆ ತಾವೇ ತೊಳೆದು, ಒರೆಸಿ, ಇದ್ದ ಜಾಗಕ್ಕೆ ಇಡುವರು. ಹಾಸಿಗೆಯ ಬೆಡ್‌ಶೀಟು ಎಷ್ಟು ಬಿಗಿಯೆಂದರೆ ಅದರ ಮೇಲೆ ನಾಣ್ಯ ಕುಣಿಸಬಹುದು. ಒಂದು ಮಾತು ಕೇಳಿದರೆ ಒಂದು ಉತ್ತರ. ಕಾಲೇಜಿಗೆ ಹೋಗುವ ಮಗಳು, "ಅಮ್ಮಾ, ಅಪ್ಪನ ಹತ್ರ ಮಾತಾಡೋದು ವೈವಾ ಪರೀಕ್ಷೆ ಇದ್ದ ಹಾಗೆ. ಪ್ರಶ್ನೆ ಮಾತ್ರ ನಾನೇ ಕೇಳಬೇಕು," ಅಂದಳು. ನಕ್ಕೆವು. ನಗುವ ವಿಷಯವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಸುಮ್ಮನೆ ಕೂತರೆ ತುಕ್ಕು ಹಿಡಿಯುತ್ತಾರೆ ಅಂತ ನಾನೇ ಇವರನ್ನು ಸ್ಕೂಲಿಗೆ ಹಾಕಿಕೊಂಡೆ. ಅಪ್ಪ ಬಿಟ್ಟುಹೋದ ಸ್ಕೂಲು ನನ್ನದು. ಪಕ್ಕದ ಸೀಟಿನಲ್ಲೂ ಕ್ಲಚ್ಚು, ಬ್ರೇಕು ಇರುವ ಎರಡು ಕಾರು, ಗೋಡೆಯ ತುಂಬ ಸಂಚಾರ ಚಿಹ್ನೆಗಳ ಪಟ, ಹಗಲಿಡೀ ಹೆದರಿದ ಮುಖಗಳು. ಇವರು ಬೈಯುವುದಿಲ್ಲ, ಕೂಗುವುದಿಲ್ಲ, ಹೆದರಿದವರ ಜೊತೆ ಕಲ್ಲಿನಂತೆ ಶಾಂತವಾಗಿ ಕೂರುತ್ತಾರೆ. ವಿದ್ಯಾರ್ಥಿಗಳಿಗೆ ಇವರೆಂದರೆ ಪ್ರಾಣ. ನಾನೂ ಬೀಗಿದ್ದೆ. ಪಾಠದ ಜೊತೆಗೆ ಊರಿಗೆಲ್ಲ ಕೊನೆಯ ಗಾಡಿಯ ನಿಯಮವನ್ನೂ ಇವರು ಕಲಿಸುತ್ತಿದ್ದಾರೆಂದು ಹಾಲಿನ ವ್ಯಾನಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಇನ್‌ಸ್ಪೆಕ್ಟರು ಹೋದ ಮೇಲೆ ಶೆಡ್ಡಿಗೆ ಹೋಗಿ ವಿಷಯ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಇವರು ಸ್ಪ್ಯಾನರು ಒರೆಸಿ ಡಬ್ಬಿಗೆ ಹಾಕಿ, "ನನ್ನಿಂದ ನಿಮ್ಮ ಸ್ಕೂಲಿಗೆ ನಷ್ಟ ಆಗೋದು ಬೇಡ," ಅಂದರು. ನಿಮ್ಮ ಸ್ಕೂಲು ಎನ್ನುವ ಮಾತು ಚುಚ್ಚಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಇನ್ನೊಂದು ಮಾತು ಬಂತು. ದೂರದ ಗಣಿಯೊಂದರಲ್ಲಿ ಗೇಟು ಕಾಯುವ ಕೆಲಸವಂತೆ. ಅಲ್ಲೇ ಊಟ, ಅಲ್ಲೇ ವಾಸ, ಒಂದು ಕೋಣೆಗೆ ಎಂಟು ಜನ. ಮುಂದಿನ ಒಂದನೇ ತಾರೀಖು ಸೇರಿಕೊಳ್ಳಬೇಕಂತೆ.

"ನಮಗೇನು ಕಡಿಮೆಯಾಗಿದೆ ಅಂತ?" ಅಂದೆ.

"ಕಡಿಮೆ ಏನಿಲ್ಲ. ನಾನಿಲ್ದೇನೇ ಎಲ್ಲ ಚೆನ್ನಾಗಿ ನಡೀತಿತ್ತಲ್ಲ. ಇನ್ನೂ ನಡೆಯತ್ತೆ."

ಇದನ್ನು ಇವರು ದೂರಿನ ದನಿಯಲ್ಲಿ ಹೇಳಿದ್ದರೆ ನಾನು ಕೆಂಡಾಮಂಡಲವಾಗಿ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಇವರು ಹೇಳಿದ್ದು ನನ್ನನ್ನು ಮೆಚ್ಚಿಕೊಂಡು. ಲೆಕ್ಕ ಮುಗಿಸಿ ಹೊರಡುವವರ ಮಾತಿನ ಹಾಗಿತ್ತು ಅದು. ಮಗಳು ಕಾಲೇಜಿಗೆ ಹೋಗಿದ್ದಳು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನೇರವಾಗಿ ಕೇಳಿದೆ.

"ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ ನಿಮಗೆ?"

"ನಿನಗೇನು ತಲೆ ಕೆಟ್ಟಿದೆಯಾ?" ಅಂದರು. ತಟ್ಟೆ ತೊಳೆದರು, ಒರೆಸಿದರು, ಇಟ್ಟರು.

ಜಿಲ್ಲಾ ಆಸ್ಪತ್ರೆಯಲ್ಲಿ ಸೈನ್ಯ ಬಿಟ್ಟು ಬಂದವರಿಗೆಂದೇ ಮನಸ್ಸಿನ ಡಾಕ್ಟರೊಬ್ಬರು ಕೂರುತ್ತಾರೆಂದು ಕೇಳಿದ್ದೆ. ಒಮ್ಮೆ ಹೋಗಿ ಬರೋಣ ಎಂದು ದಿನಾ ಇವರ ತಲೆ ತಿಂದೆ. "ಅಲ್ಲಿಗೆ ಹೋಗೋರು ನಿಜವಾಗ್ಲೂ ಪೆಟ್ಟು ತಿಂದವರು. ನಾನು ಗಾಡಿ ಎಳೆದವನು. ಅವರ ಜಾಗದಲ್ಲಿ ನಾನ್ಯಾಕೆ ಕೂರ್ಲಿ?" ಎಂಬುದು ಇವರ ಉತ್ತರ. ಅದನ್ನು ಅಲ್ಲಾಡಿಸಲು ನನ್ನಿಂದ ಆಗಲಿಲ್ಲ. ತಿಂಗಳು ಮುಗಿಯುತ್ತಾ ಬಂತು. ಕ್ಯಾನ್ವಾಸಿನ ಚೀಲ ಅಟ್ಟದಿಂದ ಕೆಳಗಿಳಿಯಿತು. ಇವರು ಗಣಿಗೆ ಹೋದರೆ ಮತ್ತೆ ನನ್ನ ಕೈಗೆ ಸಿಗುವುದಿಲ್ಲ ಅಂತ ನನ್ನ ಹೊಟ್ಟೆಯೊಳಗೆ ಯಾರೋ ಹೇಳುತ್ತಲೇ ಇದ್ದರು.

ಆ ವಾರ ಬೇಕರಿ ಅಕ್ಕನ ಪಾಠವಿತ್ತು. ಬೇಕರಿ ಅಕ್ಕ ಅಂದರೆ ಮೂಲೆಯ ಬೇಕರಿಯ ಒಡತಿ, ಐವತ್ತು ದಾಟಿದ ಗಟ್ಟಿ ಹೆಂಗಸು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ, ಇನ್‌ಸ್ಪೆಕ್ಟರಿಗೇ ಪಾಠ ಸಾಲದು ಎಂದು ತೀರ್ಮಾನ ಮಾಡಿದವಳು. ಇವಳಾದರೂ ಪಾಸಾಗಲಿ ಎಂದು ನಾನೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತೆ. ಅಕ್ಕ ಸ್ಟೇರಿಂಗಿನಲ್ಲಿ, ಇವರು ಪಕ್ಕದಲ್ಲಿ. ಊರು ದಾಟಿ ಹೊರವರ್ತುಲ ರಸ್ತೆಗೆ ಬಂದೆವು.

ಮುಂದೆ ಒಂದು ಆಮೆ ವೇಗದ ಟ್ರ್ಯಾಕ್ಟರು. "ದಾಟಿ ಅಕ್ಕಾ, ದಾಟಿ, ರಸ್ತೆ ಖಾಲಿ ಇದೆ," ಅಂದೆ ಹಿಂದಿನಿಂದ.

"ಮೇಷ್ಟ್ರು ಹೇಳ್ಲಿ," ಅಂದಳು ಅಕ್ಕ.

ಮೇಷ್ಟ್ರು ಹೇಳಲಿಲ್ಲ. ಟ್ರ್ಯಾಕ್ಟರಿನ ಹೊಗೆ ಕುಡಿಯುತ್ತಾ ಅದು ಹೊಲದ ಕಡೆ ತಿರುಗುವವರೆಗೂ ಅದರ ಹಿಂದೆ ಹೋದೆವು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅದು ಮುಗಿಯಿತು ಎನ್ನುವಷ್ಟರಲ್ಲಿ ಹಾಸಿಗೆಗಳನ್ನು ಬೆಟ್ಟದ ಹಾಗೆ ಹೇರಿಕೊಂಡ ಸಣ್ಣ ಟೆಂಪೋ ಒಂದು ಪಂಕ್ಚರ್ ಆಗಿ ನಿಂತಿದ್ದು ಕಂಡಿತು. ಇವರು ತಮ್ಮ ಕಡೆಯ ಬ್ರೇಕ್ ಒತ್ತಿದರು. ಹಿಂದಿನವರಿಗೆ ಕಾಣಲಿ ಎಂದು ನಮ್ಮ ಕಾರಿನ ಎಲ್ಲ ದೀಪ ಹಾಕಿಸಿ ಇಳಿದರು.

ಟೆಂಪೋದವನಿಗೆ ಜಾಕ್ ಇಡುವುದೂ ಸರಿಯಾಗಿ ಗೊತ್ತಿರಲಿಲ್ಲ. ಹಾಸಿಗೆ ಅರ್ಧ ಇಳಿಸಿ, ಚಕ್ರ ಬದಲಿಸಿ, ಮತ್ತೆ ಹಾಸಿಗೆ ಹೇರಿ, ಹಗ್ಗ ಬಿಗಿದು ಕೊಟ್ಟದ್ದು ಇವರೇ. ಅಷ್ಟು ಹೊತ್ತೂ ಇವರ ಮುಖ ನೋಡಬೇಕಿತ್ತು. ನನ್ನನ್ನು ಮದುವೆಯಾಗಲು ಒಪ್ಪಿದ ದಿನದ ಹುಡುಗ ಅಲ್ಲಿದ್ದ. ಟೆಂಪೋದವನು ಕಿಟಕಿಯಿಂದ ಕೈ ಬೀಸಿ ಹೊರಟ. ತಿರುವು ದಾಟಿ ಕಾಣದಾದ.

ಅಕ್ಕ ಕೀಲಿ ತಿರುಗಿಸಿದಳು. ಟಿಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದಳು, ಇನ್ನೊಂದು ಟಿಕ್. ಹಳೆಯ ಬ್ಯಾಟರಿ, ಬದಲಿಸೋಣ ಬದಲಿಸೋಣ ಅಂತ ಮುಂದಕ್ಕೆ ಹಾಕುತ್ತಾ ಬಂದಿದ್ದೆವು. ದೀಪಗಳು ಅದರ ಕೊನೆಯ ಉಸಿರನ್ನೂ ಕುಡಿದಿದ್ದವು.

"ನೋಡ್ರೀ ಸ್ವಲ್ಪ," ಅಂದೆ. ಅಕ್ಕ ಸೀಟು ಬಿಟ್ಟು ಇಳಿದಳು. ಇವರು ಬಂದು ಸ್ಟೇರಿಂಗಿನ ಮುಂದೆ ಕೂತರು. ಬಾನೆಟ್ ತೆಗೆಯಲಿಲ್ಲ. ಕೀಲಿ ಮುಟ್ಟಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟು ಆ ತಿರುವನ್ನೇ ನೋಡುತ್ತಾ ಕೂತರು.

"ಬಾನೆಟ್ ತೆಗೀರಿ," ಅಂದೆ.

"ಕೊನೇ ಗಾಡಿ ಕೆಟ್ರೆ ಕಾಯ್ಬೇಕು," ಅಂದರು.

"ಯಾರನ್ನ?"

"ಮುಂದಿನವನನ್ನ. ಪ್ರತಿಯೊಬ್ಬನಿಗೂ ತನ್ನ ಹಿಂದಿನ ಗಾಡಿ ಜವಾಬ್ದಾರಿ. ಕನ್ನಡೀಲಿ ನೋಡ್ತಿರ್ಬೇಕು. ಕಾಣಿಸ್ಲಿಲ್ಲ ಅಂದ್ರೆ ನಿಲ್ಲಿಸಿ ವಾಪಸ್ ಬರ್ಬೇಕು. ಎಲ್ಲರಿಗೂ ನಾನಿದೀನಿ, ನನಗೆ ಅವನು. ನಾನು ಗಾಡಿ ಬಿಟ್ಟು ಹೋಗೋ ಹಾಗಿಲ್ಲ."

ಬೇಕರಿ ಅಕ್ಕ ಕಿಟಕಿಗೆ ಬಗ್ಗಿ, ಮಗುವನ್ನು ಕೇಳುವ ಹಾಗೆ ಕೇಳಿದಳು. "ಅವನು ಬರದೇ ಹೋದ್ರೆ ಮೇಷ್ಟ್ರೇ?"

ಇವರು ತಿರುವಿನಿಂದ ಕಣ್ಣು ತೆಗೆದು ಅವಳ ಕಡೆ ನೋಡಿದರು. ಆಮೇಲೆ ನನಗೆ ಇಪ್ಪತ್ತೆರಡು ವರ್ಷದಲ್ಲಿ ಹೇಳದ ಸಂಗತಿಯನ್ನು ಬನ್ನು ಮಾರುವ ಹೆಂಗಸಿಗೆ ಹೇಳಿದರು. ನನಗೇನೂ ಬೇಜಾರಿಲ್ಲ, ಹೊಟ್ಟೆ ಸ್ವಲ್ಪ ಉರಿಯಿತು ಅಷ್ಟೇ.

ಒಮ್ಮೆ ಹಿಮದ ಘಾಟಿಯಲ್ಲಿ ಇವರ ಲಾರಿಯೇ ಕೆಟ್ಟಿತಂತೆ. ಮುಂದಿನ ಗಾಡಿಯವನಿಗೆ ಅವತ್ತು ಮಂಜಿನಲ್ಲಿ ಕನ್ನಡಿಯಲ್ಲಿ ಕಾಣಲಿಲ್ಲವೋ, ಅವನು ನೋಡಲಿಲ್ಲವೋ, ಸಾಲು ಹಾಗೇ ಹೊರಟುಹೋಯಿತು. ಇವರೂ ಕ್ರೇನಿನವನೂ ಎರಡು ಹಗಲು ಅಲ್ಲೇ ಕೂತರು. ಕೊನೆಗೆ ಬಂದವರು, "ಅಯ್ಯೋ, ನೀವು ಹಿಂದೆ ಇದ್ದೇ ಇರ್ತೀರಿ ಅಂದ್ಕೊಂಡ್ವಿ," ಅಂತ ಬೆನ್ನು ತಟ್ಟಿ ನಕ್ಕರು. ಇವರೂ ನಕ್ಕರು.

"ಅವತ್ತು ತಡವಾಗಿ ಆದ್ರೂ ಬಂದೇ ಬರ್ತಾರೆ ಅಂತ ಗೊತ್ತಿತ್ತು," ಅಂದರು. "ಈಗ ಸಾಲು ಹೋಗಿ ಆಯ್ತು. ಯಾರೂ ಬರೋ ಹಾಗಿಲ್ಲ. ನಾನಿನ್ನೂ ಅಲ್ಲೇ ಕೂತಿದೀನಿ."

ಎಲ್ಲದಕ್ಕೂ ಬಾಯಿರುವ ನನಗೆ ಆಗ ಒಂದು ಮಾತೂ ಬರಲಿಲ್ಲ. ಇವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಆದರೆ ನಾನು ಹಿಂದಿನ ಸೀಟಿನಲ್ಲಿದ್ದೆ.

ಬೇಕರಿ ಅಕ್ಕ ತೋಳು ಮೇಲೇರಿಸಿದಳು. "ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡ್ಕೊಳ್ಳಿ ಮೇಷ್ಟ್ರೇ. ನಾವಿಬ್ರೂ ತಳ್ತೀವಿ. ದಿನಾ ಹಿಟ್ಟಿನ ಮೂಟೆ ಎತ್ತೋಳು ನಾನು, ಇದೇನು ಮಹಾ."

ಇವರಿಗೆ ಚೇಳು ಕಚ್ಚಿದ ಹಾಗಾಯಿತು. ತಟ್ಟನೆ ಬಾಗಿಲು ತೆಗೆದು ಇಳಿದರು. "ಛೇ, ನೀವ್ಯಾಕೆ? ನೀವು ಒಳಗೆ ಕೂತ್ಕೊಳ್ಳಿ, ನಾನು ತಳ್ತೀನಿ."

ಅಲ್ಲಿಗೆ ನನ್ನ ಬಾಯಿ ವಾಪಸ್ ಬಂತು. ನಾನೂ ಇಳಿದು ಇವರ ಎದುರಿಗೆ ನಿಂತೆ. "ಒಂದು ಹೇಳಿ. ಕೆಟ್ಟ ಗಾಡಿ ಎಳೆಯೋಕೆ ಹೋದಾಗ ಅದರ ಡ್ರೈವರು ಇಳಿದು, ನಾನೇ ತಳ್ತೀನಿ ಬಿಡಿ ಅಂತಿದ್ನಾ?"

"ಎಲ್ಲರೂ ಹಾಗೇ ಅಂತಿದ್ರು," ಅಂದರು ಇವರು. "ನಾಚಿಕೆ ಆಗ್ತಿತ್ತು ಅವರಿಗೆ."

"ನೀವೇನು ಹೇಳ್ತಿದ್ರಿ?"

ಇವರು ಚಪ್ಪಲಿಯಿಂದ ಒಂದು ಕಲ್ಲನ್ನು ಅತ್ತಿತ್ತ ಉರುಳಿಸಿದರು. "ಬ್ರೇಕ್ ಬಿಡು, ಸ್ಟೇರಿಂಗ್ ಹಿಡಿ, ಮಿಕ್ಕಿದ್ದು ನನಗೆ ಬಿಡು ಅಂತಿದ್ದೆ."

"ಹಾಗಾದ್ರೆ ಹತ್ತಿ ಕೂತು ಬ್ರೇಕ್ ಬಿಡಿ."

ಹತ್ತಿದರು. ಹ್ಯಾಂಡ್‌ಬ್ರೇಕ್ ಇಳಿದ ಸದ್ದು ಕೇಳಿತು. ನಾನೂ ಅಕ್ಕನೂ ಹಿಂದೆ ಹೋಗಿ ಡಿಕ್ಕಿಗೆ ಕೈ ಆನಿಸಿ ತಳ್ಳಿದೆವು. ಅಪ್ಪನ ಕಾಲದಿಂದ ಡ್ರೈವಿಂಗ್ ಸ್ಕೂಲು ನಡೆಸುವವಳು ನಾನು, ಕಾರು ಇಷ್ಟು ಭಾರ ಅಂತ ಅವತ್ತೇ ಗೊತ್ತಾದದ್ದು. ನನ್ನ ಒಂದು ಚಪ್ಪಲಿ ಹಿಂದೆ ಉಳಿಯಿತು. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು, 'ಡ್ರೈವಿಂಗ್ ಕಲಿಯಿರಿ' ಎಂಬ ಬೋರ್ಡಿನ ಕಾರನ್ನು ಎರಡು ಹೆಂಗಸರು ತಳ್ಳುವುದನ್ನು ಕಂಡು ಹಲ್ಲು ಕಿರಿದರು. "ನಾಳೆಯಿಂದ ಬ್ಯಾಚ್ ಇದೆ, ಬನ್ನಿ," ಅಂತ ಅಕ್ಕ ಏದುಸಿರಲ್ಲೂ ಕೂಗಿದಳು. ಕಾರು ಸ್ವಲ್ಪ ವೇಗ ಹಿಡಿಯಿತು. ಇವರು ಕ್ಲಚ್ ಬಿಟ್ಟರು. ಕಾರು ಒಮ್ಮೆ ಕುಪ್ಪಳಿಸಿ, ಕೆಮ್ಮಿ, ಸ್ಟಾರ್ಟ್ ಆಗಿ, ಹೋಗಿಯೇ ಹೋಯಿತು. ತಿರುವು ದಾಟಿತು.

ನಾವಿಬ್ಬರೂ ಮಂಡಿಗೆ ಕೈಕೊಟ್ಟು ನಿಂತೆವು. "ಮೇಷ್ಟ್ರು ಹೋಗೇಬಿಟ್ರಾ?" ಅಂದಳು ಅಕ್ಕ. ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಆಮೇಲೆ ಕಾರು ತಿರುಗಿಸಿಕೊಂಡು ಬಂದರು. ಎಂಜಿನ್ ಆರಿಸದೆ ಬಾಗಿಲು ತೆಗೆದರು. ಮುಖವೆಲ್ಲ ಒದ್ದೆ, ಬಾಯಿ ತುಂಬ ನಗು.

"ನನ್ನನ್ನ ಯಾರೂ ತಳ್ಳಿರಲಿಲ್ಲ ಇಷ್ಟು ವರ್ಷ," ಅಂದರು.

"ಮೊದಲೇ ಹೇಳಿದ್ರೆ ಮದುವೆ ದಿನಾನೇ ತಳ್ತಿದ್ದೆ," ಅಂದೆ. ಬರುವಾಗ ದಾರಿಯಲ್ಲಿ, ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗೋಣ ಅಂತಲೂ ಅಂದೆ. ಮರುದಿನ ನಾನು ಏಳುವ ಹೊತ್ತಿಗೆ ಇವರು ಶೂ ಪಾಲಿಶ್ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಂದನೇ ತಾರೀಖಿಗೆ ಇನ್ನೆರಡೇ ದಿನ ಉಳಿದಿತ್ತು.

ಆ ವಿಭಾಗ ಕಣ್ಣಿನ ಆಸ್ಪತ್ರೆಯ ಹಿಂದೆ, ಒಂದು ಉದ್ದನೆಯ ಕೋಣೆಯಲ್ಲಿತ್ತು. ಒಂದಕ್ಕೊಂದು ಅಂಟಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಕೀರಲು ಫ್ಯಾನು, ಸರಪಳಿಯಲ್ಲಿ ಲೋಟ ಕಟ್ಟಿದ ನೀರಿನ ಫಿಲ್ಟರು. ಆರೇಳು ಗಂಡಸರು ಕೂತಿದ್ದರು. ಎಲ್ಲರ ಶೂಗಳೂ ಫಳಫಳ. ಇವರು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಒಂದೊಂದು ಕುರ್ಚಿ ಸರಿದು ಜಾಗ ಬಿಟ್ಟರು.

ಪಕ್ಕದಲ್ಲಿ ಕೂತಿದ್ದವರು ಸೈನ್ಯದ ಅಡುಗೆಮನೆಯಲ್ಲಿದ್ದ ಉದ್ದನೆಯ ಮನುಷ್ಯ. ನೀವು ಏನಾಗಿದ್ರಿ ಅಂತ ಅವರು ಕೇಳಿದ್ದಕ್ಕೆ ಇವರು ಹೇಳಿದರು. ಅಡುಗೆಯವರ ಮುಖ ಅರಳಿತು. "ಹೌದಾ? ನಿಮ್ಮೋರು ಒಂದ್ಸಲ ನನ್ನ ಅಡುಗೆ ಟ್ರಕ್ಕನ್ನ ಕೆಸರಿಂದ ಎತ್ತಿದ್ರು. ಮುನ್ನೂರು ಜನರ ಊಟ ಅದ್ರಲ್ಲಿ. ದೇವರ ಹಾಗೆ ಬಂದ್ರು." ಇವರು ತಲೆ ತಗ್ಗಿಸಿ ಶೂ ನೋಡಿಕೊಂಡರು. ಕಿವಿ ಕೆಂಪಾಗಿತ್ತು. ಇಷ್ಟು ತಿಂಗಳಲ್ಲಿ ಇವರನ್ನು ಇವರ ಕೆಲಸದಿಂದ ಗುರುತಿಸಿದ ಮೊದಲ ಮನುಷ್ಯ ಅವರು.

ಎಲ್ಲ ಚೆನ್ನಾಗಿತ್ತು, ಡಾಕ್ಟರ ಬಾಗಿಲು ತೆರೆಯುವವರೆಗೆ. ಬಾಗಿಲು ತೆರೆಯಿತು, ಯಾರೂ ಏಳಲಿಲ್ಲ. "ನೀವು ಹೋಗಿ," ಅಂದರು ಅಡುಗೆಯವರು ಇವರಿಗೆ. "ಇಲ್ಲ ಇಲ್ಲ, ನೀವು ಮೊದಲು ಬಂದವರು," ಅಂದರು ಇವರು. ಅಡುಗೆಯವರು ಆಚೆಯವರಿಗೆ ಹೇಳಿದರು, ಅವರು ಮೂಲೆಯಲ್ಲಿ ಮೊಣಕಾಲು ನಡುಗಿಸುತ್ತಿದ್ದ ಹುಡುಗನಂಥವನಿಗೆ ಹೇಳಿದರು, ಅವನು "ಹಿರಿಯರು ಹೋಗ್ಲಿ," ಅಂದ. ಸರದಿ ಒಂದು ಸುತ್ತು ಹೊಡೆದು ಮತ್ತೆ ನಮ್ಮ ಹತ್ತಿರ ಬಂತು.

ನರ್ಸಮ್ಮ ಹೊರಗೆ ಬಂದರು. ನನ್ನ ಬಾಯಿಗೆ ಸರಿಸಮ ಬಾಯಿ ಅಂತ ನೋಡಿದ ಕೂಡಲೇ ಗೊತ್ತಾಯಿತು. "ದಿನಾ ಇದೇ ಗೋಳು ಕಣಮ್ಮ," ಅಂದರು ನನಗೆ. "ಆಚೆ ಕಣ್ಣಿನ ವಿಭಾಗದಲ್ಲಿ ನಾ ಮುಂದು ತಾ ಮುಂದು ಅಂತ ಜುಟ್ಟು ಹಿಡ್ಕೋತಾರೆ. ಇಲ್ಲಿ ಉಲ್ಟಾ. ಟೋಕನ್ ಕೊಟ್ರೆ ಒಬ್ಬರಿಗೊಬ್ಬರು ಬದಲಾಯಿಸ್ಕೊಂಡು ಬಿಡ್ತಾರೆ. ಈ ಅಡುಗೆಯವರು ಮೂರು ವಾರದಿಂದ ಬರ್ತಿದಾರೆ, ಒಳಗೆ ಹೋಗಿದ್ದು ಒಂದೇ ಸಲ."

ನಾನು ಒಂದು ಕೋಣೆ ತುಂಬ ನನ್ನ ಗಂಡನನ್ನೇ ನೋಡುತ್ತಿದ್ದೆ. ನಗು ಬಂತು, ಅದರ ಹಿಂದೆಯೇ ಭಯವೂ ಬಂತು. ಇವರು ನನ್ನ ಕಡೆ ಬಗ್ಗಿ ಮೆಲ್ಲಗೆ, "ನಡಿ, ಹೋಗೋಣ. ಇವರಿಗೆಲ್ಲ ನನಗಿಂತ ಹೆಚ್ಚು ಬೇಕಾಗಿದೆ," ಅಂದರು. ಎದ್ದು ನಿಂತರು. ಹೊರಗಿನ ಬಾಗಿಲ ಕಡೆ ಮುಖ ತಿರುಗಿಸಿದರು.

ನಾನು ಕೈ ಹಿಡಿದು ಕೂರಿಸಬಹುದಿತ್ತು. ಎಲ್ಲರ ಎದುರಿಗೆ ರಂಪ ಮಾಡಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಅಷ್ಟರಲ್ಲಿ ನರ್ಸಮ್ಮ ಕನ್ನಡಕವನ್ನು ತಲೆಯ ಮೇಲಕ್ಕೇರಿಸಿ ಕೋಣೆಗೆಲ್ಲ ಕೇಳುವ ಹಾಗೆ ಅಂದರು, "ಸರಿ, ಯಾರು ಮೊದಲು ಅಂತ ನಾನು ಕೇಳೋದೇ ಇಲ್ಲ. ಇವತ್ತು ಯಾರ ಕೈಲಿ ಕಾಯೋಕೆ ಆಗಲ್ಲ, ಅದನ್ನ ಹೇಳಿ."

ಫ್ಯಾನು ಕೀರಲಿಡುತ್ತಿತ್ತು. ಏಳು ಜನ ಏಳು ಜೊತೆ ಶೂ ನೋಡುತ್ತಾ ಕೂತರು. ಇವರು ಬೆನ್ನು ಹಾಕಿ ನಿಂತಿದ್ದರು. ಬಾಗಿಲಿಗೆ ನಾಲ್ಕು ಹೆಜ್ಜೆಯಿತ್ತು.

"ನನ್ನ ಕೈಲಿ ಆಗಲ್ಲ," ಅಂದರು ಇವರು.

ಇತ್ತ ತಿರುಗಿದರು. ಎಲ್ಲರೂ ಒಟ್ಟಿಗೆ ಮೊಣಕಾಲು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಇವರು ಹಾದುಹೋಗುವಾಗ ಅಡುಗೆಯವರು ಇವರ ಮುಂಗೈಯನ್ನು ಒಮ್ಮೆ ಒತ್ತಿದರು. ಡಾಕ್ಟರ ಬಾಗಿಲಲ್ಲಿ ಇವರು ನಿಂತು ನನ್ನನ್ನು ನೋಡಿದರು. "ನೀನೂ ಬಾ," ಅಂದರು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕೂರಿಸಿ, ನೀರು ಕೊಟ್ಟು, ಏನು ಮಾಡ್ಕೊಂಡಿದೀರಿ ಅಂತ ಕೇಳಿದರು.

"ಸೈನ್ಯದಲ್ಲಿ..." ಎಂದು ಶುರುಮಾಡಿ ಇವರು ನಿಲ್ಲಿಸಿದರು. "ಡ್ರೈವಿಂಗ್ ಕಲಿಸ್ತೀನಿ. ನಮ್ಮ ಸ್ಕೂಲಲ್ಲಿ."

"ನಿದ್ದೆ?"

"ಬರಲ್ಲ." ಲೋಟವನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟರು. "ಸಾಯೋ ಯೋಚನೆ ಬರ್ತಿದೆಯಾ ಅಂತ ಇವಳು ಒಂದ್ಸಲ ಕೇಳಿದ್ಲು. ನಾನು ಸುಳ್ಳು ಹೇಳ್ದೆ. ನಾಡಿದ್ದು ಗಣಿ ಕೆಲ್ಸಕ್ಕೆ ಹೋಗ್ತೀನಿ ಅಂತ ಮನೇಲಿ ಹೇಳಿದೀನಿ. ಅಂಥ ಕೆಲ್ಸ ಯಾವ್ದೂ ಇಲ್ಲ ಡಾಕ್ಟ್ರೇ. ಇವಳ, ಮಗಳ ಕಣ್ಣೆದುರಿಗೆ ಬೇಡ, ದೂರ ಹೋಗಿಬಿಡೋಣ ಅಂತ ಇತ್ತು."

ಕುರ್ಚಿಯನ್ನು ಎಳೆದು ಇವರಿಗೆ ಅಂಟಿಕೊಂಡು ಕೂತೆ. ಇವರ ತೋಳನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ, ಡಾಕ್ಟರ ಎದುರಿಗೆ, ನಾಚಿಕೆಯಿಲ್ಲದೆ. ಇವರು ಬಿಡಿಸಿಕೊಳ್ಳಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೇಳಿದ್ದು ಒಳ್ಳೇದಾಯ್ತು. ನಿಧಾನವಾಗಿ ಎಲ್ಲ ಹೇಳಿ," ಅಂದರು. "ಹೊರಗಿನವರು ಕಾಯ್ತಾರೆ."

ಅವರು ಕಾಯುತ್ತಾರೆ ಅಂತ ಇವರಿಗೂ ಗೊತ್ತಿತ್ತು. ಇವರು ಹೇಳತೊಡಗಿದರು.